ತೋಳಿನ ಕರು

ನನ್ನ ತಂಗಿಯ ಮೊಮ್ಮಗಳು ನಿವೇದಿತಾ ಪಶುವೈದ್ಯ ಓದಿ ಮುಗಿಸಿ ಮುಂದಿನ ತಿಂಗಳು ಸರ್ಕಾರಿ ಕೆಲಸಕ್ಕೆ ಸೇರುತ್ತಿದ್ದಾಳೆ. ಕಳೆದ ವಾರ ಕ್ರೋಂಪೇಟೆಯ ನಮ್ಮ ಮನೆಗೆ ಬಂದವಳು ಸೋಫಾದ ಮೇಲೆ ಕಾಲು ಮಡಚಿ ಕೂತು, "ತಾತಾ, ನೀವು ಸರ್ವಿಸ್‌ನಲ್ಲಿ ಇದ್ದಾಗ ಇದೆಲ್ಲಾ ಎಪ್ಪಡಿ ಮ್ಯಾನೇಜ್ ಮಾಡಿದ್ರಿ? ಫೋನ್ ಇಲ್ಲ, ಫ್ರಿಜ್ ಇಲ್ಲ, ಒಂದೂ ಇಲ್ಲ" ಎಂದು ಕೇಳಿದಳು. ಅವಳ ಕನ್ನಡದಲ್ಲಿ ಅರ್ಧ ತಮಿಳು, ಉಳಿದದ್ದರಲ್ಲಿ ಅರ್ಧ ಇಂಗ್ಲಿಷು. ನಾನು ತಿದ್ದಲು ಹೋಗುವುದಿಲ್ಲ. ಭಾಷೆಯ ವಿಷಯದಲ್ಲಿ ಇನ್ನೊಬ್ಬರನ್ನು ತಿದ್ದುವ ಯೋಗ್ಯತೆ ನನಗಿಲ್ಲ ಎಂಬುದು ಮುಂದೆ ಓದಿದವರಿಗೆ ತಿಳಿಯುತ್ತದೆ.

ಬಾಯಲ್ಲಿ ಹೇಳಿದರೆ ಅವಳು ಅರ್ಧ ಕೇಳಿ ಫೋನು ನೋಡುತ್ತಾಳೆ. ಅದಕ್ಕೇ ಬರೆದಿಡುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳ ಅಜ್ಜಿ, ಎಂದರೆ ನನ್ನ ತಂಗಿ, ಓದಿ ಹೇಳಲಿ. ಆಕೆಗೂ ಒಂದು ಕೆಲಸವಾಗುತ್ತದೆ.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಲೈವ್‌ಸ್ಟಾಕ್ ಇನ್ಸ್‌ಪೆಕ್ಟರ್ ಆಗಿ ಸೇರಿದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ಪಶುವೈದ್ಯರ ಕೈಕೆಳಗೆ ಮನೆಮನೆ ಸುತ್ತಿ ದನ ಎಣಿಸುವುದು, ಲಸಿಕೆ ಹಾಕುವುದು, ರೋಗ ಬಂದರೆ ಮೇಲಕ್ಕೆ ತಿಳಿಸುವುದು, ಸತ್ತ ದನವನ್ನು ಕಾಯ್ದೆ ಹೇಳಿದಂತೆ ಹೂಳಿಸುವುದು. ನನಗೆ ಯಾವಾಗ ಬಡ್ತಿ ಬಂತು, ಯಾಕೆ ತಡವಾಯಿತು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದರಲ್ಲಿ ನಿವೇದಿತಾ ಕಲಿಯುವಂಥದ್ದು ಏನೂ ಇಲ್ಲ.

ನಮ್ಮಪ್ಪ ದಾವಣಗೆರೆ ಕಡೆಯಿಂದ ರೈಲ್ವೆ ಕೆಲಸಕ್ಕೆಂದು ಮದರಾಸಿಗೆ ಬಂದವರು. ನನ್ನ ಹೆಸರು ಬಸವರಾಜ. ತಮಿಳಿನಲ್ಲಿ ಬಕಾರಕ್ಕೂ ಪಕಾರಕ್ಕೂ ಒಂದೇ ಅಕ್ಷರ. ಆಫೀಸಿನ ಹಾಜರಿ ಪುಸ್ತಕದಲ್ಲಿ ನಾನು ಪಸವರಾಜ್ ಆದೆ, ತ್ರಿಪ್ಲಿಕೇನಿನ ಹಾಲಿನವರ ಬಾಯಲ್ಲಿ ಪಸುರಾಜ್ ಆದೆ. ಪಸು ಎಂದರೆ ತಮಿಳಿನಲ್ಲಿ ಹಸು. ಅವ್ವನಿಗೆ ಇದನ್ನು ಹೇಳಿದಾಗ, "ಬಸವ ಅಂತ ಹೆಸರಿಟ್ರೆ ಇವರು ಆಕಳ ಮಾಡಿಬಿಟ್ರಲ್ಲೋ" ಎಂದು ಹಣೆ ಹಣೆ ಚಚ್ಚಿಕೊಂಡಳು. ನಾನು ಸತ್ತ ದನ ಮುಟ್ಟಿ ಬರುವವನೆಂದು ಅವಳಿಗೆ ಮೊದಲೇ ಸಂಕಟ. ಸಂಜೆ ಮನೆಗೆ ಬಂದರೆ ಹಿತ್ತಲಲ್ಲಿ ಎರಡು ಕೊಡ ನೀರು ಸುರಿದುಕೊಳ್ಳದೆ ಒಳಗೆ ಬಿಡುತ್ತಿರಲಿಲ್ಲ.

ಆಗಿನ ತ್ರಿಪ್ಲಿಕೇನಿನಲ್ಲಿ ಲಾಡ್ಜು, ಮೆಸ್ಸುಗಳ ಸಂದಿಯಲ್ಲೇ ಹಸುಗಳೂ ಇದ್ದವು. ಒಂದು ಬಾಗಿಲು ತೆಗೆದರೆ ಬ್ರಹ್ಮಚಾರಿಗಳ ಒಗೆದ ಬನಿಯನ್ನು, ಪಕ್ಕದ್ದು ತೆಗೆದರೆ ಎರಡು ಎಮ್ಮೆ. ಹಾಲಿನವರು ಹಸುವನ್ನೇ ಮನೆ ಬಾಗಿಲಿಗೆ ಹೊಡೆದುಕೊಂಡು ಬಂದು, ಮನೆಯಾಕೆಯ ಕಣ್ಣೆದುರು ಪಾತ್ರೆಯನ್ನು ಬೋರಲು ಹಾಕಿ ತೋರಿಸಿ ಕರೆದುಕೊಡಬೇಕು. ನೀರು ಬೆರೆಸಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ದನಗಳ ದೊಡ್ಡ ರೋಗಕ್ಕೆ ಲಸಿಕೆ ಹಾಕುವುದು ನನ್ನ ಮುಖ್ಯ ಕೆಲಸ. ಲಸಿಕೆ ತಣ್ಣಗಿರಬೇಕು. ಫ್ಲಾಸ್ಕಿಗೆ ಸರ್ಬತ್ತಿನ ಅಂಗಡಿಯಿಂದ ಐಸು ತುಂಬಿಸಿಕೊಂಡು, ಅದನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ಬಸ್ಸು ಹತ್ತುತ್ತಿದ್ದೆ. ಗಾಜಿನ ಸಿರಿಂಜುಗಳನ್ನು ಬೆಳಿಗ್ಗೆ ಆಫೀಸಿನ ಸ್ಟವ್ವಿನ ಮೇಲೆ ಕುದಿಸುವುದೂ ನಾನೇ. ಕುದಿಯುವಾಗ ಮಾತಿಗೆ ನಿಂತು ಎಷ್ಟು ಒಡೆದಿದ್ದೇನೋ ಲೆಕ್ಕವಿಲ್ಲ.

ಹಳೆಯ ಕಾಲದ ಲಸಿಕೆಯಿಂದ ಹಸುಗಳಿಗೆ ಜ್ವರ ಬಂದು ಹಾಲು ಇಳಿಯುತ್ತಿತ್ತಂತೆ. ಆ ಭಯ ಜನರಲ್ಲಿ ಉಳಿದಿತ್ತು. ನಾನು ಬೀದಿಗೆ ಕಾಲಿಟ್ಟರೆ ಹಸುಗಳು ಮಾಯ. ಒಮ್ಮೆ ಒಂದು ಮೆಸ್ಸಿನ ಊಟದ ಕೋಣೆಯಲ್ಲಿ ಚಾಪೆ ಅಡ್ಡ ಕಟ್ಟಿ ಹಿಂದೆ ಹಸು ನಿಲ್ಲಿಸಿದ್ದರು. ಎಲೆ ಮುಂದೆ ಕೂತವರು ಏನೂ ಆಗದವರ ಹಾಗೆ ಸಾರನ್ನ ಕಲಸುತ್ತಿದ್ದರು. ಹಸು ಅಂಬಾ ಎಂದಿತು. ಮೆಸ್ಸಿನ ಯಜಮಾನರು ತಕ್ಷಣ ಜೋರಾಗಿ ಕೆಮ್ಮಿದರು. ಅದು ಇನ್ನೊಮ್ಮೆ ಅಂಬಾ ಎಂದಿತು, ಇವರು ಇನ್ನೊಮ್ಮೆ ಕೆಮ್ಮಿದರು. "ಯಜಮಾನ್ರೇ, ನಿಮ್ಮ ಕೆಮ್ಮಿಗೂ ಒಂದು ಊಸಿ ಹಾಕಿಬಿಡ್ತೀನಿ" ಎಂದಾಗ ಊಟಕ್ಕೆ ಕೂತವರೆಲ್ಲ ನಕ್ಕು, ಚಾಪೆ ಬಿಚ್ಚಿಸಿದರು. ಊಸಿ ಎಂದರೆ ಇಲ್ಲಿ ಸೂಜಿಮದ್ದು. ಗದರಿಸಿದ್ದಕ್ಕಿಂತ ನಗಿಸಿದ್ದರಿಂದ ನಾನು ಹೆಚ್ಚು ಹಸುಗಳಿಗೆ ಲಸಿಕೆ ಹಾಕಿದ್ದೇನೆ.

ಪಾಪಮ್ಮ ಸಿಕ್ಕಿದ್ದು ಆ ಬೀದಿಗಳಲ್ಲೇ. ಹೊಸೂರು ಕಡೆಯವಳು. ಮದುವೆಯಾಗಿ ತ್ರಿಪ್ಲಿಕೇನಿಗೆ ಬಂದು, ಗಂಡ ತೀರಿಕೊಂಡ ಮೇಲೆ ಒಂದು ಹಸು ಇಟ್ಟುಕೊಂಡು ನಾಲ್ಕು ಮನೆಗೆ ಹಾಲು ಕೊಟ್ಟು ಬದುಕುತ್ತಿದ್ದಳು. ಹಸುವಿನ ಹೆಸರು ಗೌರಿ. ನನ್ನ ತಮಿಳಿನ ತೊದಲು ಕೇಳಿ ಆಕೆ, "ಏನ್ ಸಾರ್, ನೀವು ನಮ್ಮ ಭಾಷೆಯವರಾ? ಮುಂಚೇನೇ ಸೊಲ್ಲಬಾರದಾ?" ಎಂದು ಸಂತೋಷಪಟ್ಟು ಒಂದು ಲೋಟ ಹಾಲು ಕೊಟ್ಟಳು. ಅವಳ ಕನ್ನಡವೂ ತಮಿಳಿನಲ್ಲಿ ಅದ್ದಿ ತೆಗೆದದ್ದೇ.

ಕೊಟ್ಟಿಗೆ ಕತ್ತಲು. ಮೂಲೆಯಲ್ಲಿ ಒಂದು ಕರು ಕೂತಂತಿತ್ತು. "ಅದಕ್ಕೆ ಲಸಿಕೆ?" ಎಂದೆ.

"ಅಯ್ಯೋ, ಅದು ತೋಲ್ ಕನ್ನುಕುಟ್ಟಿ ಸಾರ್. ಅದಕ್ಕೆಲ್ಲಾ ಊಸಿ ಬ್ಯಾಡ."

ಕನ್ನುಕುಟ್ಟಿ ಎಂದರೆ ಕರು ಎಂಬುದು ನನಗೆ ಗೊತ್ತಿತ್ತು. ಆದರೆ ಅವಳು 'ತೋಲ್' ಎಂದದ್ದನ್ನು ನನ್ನ ಕನ್ನಡದ ಕಿವಿ 'ತೋಳ್' ಎಂದು ಕೇಳಿಸಿಕೊಂಡಿತು. ತೋಳಿನ ಮೇಲೆ ಎತ್ತಿಕೊಂಡು ಹೋಗಬೇಕಾದಷ್ಟು ಎಳೆಯ ಕರು ಎಂದು ಅರ್ಥ ಮಾಡಿಕೊಂಡೆ. ಮಾರನೆಯ ದಿನ ಬೀದಿಯ ಆ ತುದಿಯಲ್ಲಿ ಪಾಪಮ್ಮ ಗೌರಿಯನ್ನು ಹೊಡೆದುಕೊಂಡು, ಕರುವನ್ನು ಹೆಗಲ ಮೇಲೆ ಹೊತ್ತು ಹೋಗುವುದನ್ನು ಕಂಡೆ. ಸಂಶಯ ಪೂರ್ತಿ ಹೋಯಿತು. ರಿಜಿಸ್ಟರನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ನಾನು ಮುದ್ದಾದ ಅಕ್ಷರದಲ್ಲಿ ಬರೆದೆ: "ಆರ್ಮ್ ಕಾಫ್, ಒಂದು. ತುಂಬ ಎಳೆಯದು, ಲಸಿಕೆ ಬೇಡ."

ಆಮೇಲೆ ಇನ್ನೂ ಕೆಲವು ಕೊಟ್ಟಿಗೆಗಳಲ್ಲಿ ಅದೇ ಮಾತು ಕೇಳಿದೆ. ಅಲ್ಲೂ ಆರ್ಮ್ ಕಾಫ್ ಎಂದು ಬರೆದೆ.

ನನ್ನ ಮೇಲಧಿಕಾರಿ ಡಾಕ್ಟರ್ ಜ್ಞಾನಪ್ರಕಾಶಂ. ತೆಳ್ಳನೆಯ ಮನುಷ್ಯ, ಹಸಿರು ಇಂಕಿನ ಪೆನ್ನು. ತಮಿಳಿನಲ್ಲೇ ಮಾತಾಡುತ್ತಿದ್ದರು, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಿಂಗಳ ಕೊನೆಯಲ್ಲಿ ರಿಜಿಸ್ಟರ್ ಓದಿ ಸಹಿ ಹಾಕುತ್ತಿದ್ದರು. ವರ್ಷದ ಮೇಲಾದ ಒಂದು ದಿನ ಪೆನ್ನು ಎತ್ತಿದವರು ಹಾಗೇ ನಿಂತರು.

"ಪಸುರಾಜ್, ಈ ಪಾಪಮ್ಮನ ಕರು ಹೋದ ವರ್ಷವೂ ತುಂಬ ಎಳೆಯದು, ಈ ವರ್ಷವೂ ತುಂಬ ಎಳೆಯದು. ಏನಯ್ಯಾ, ಬೆಳೆಯುವುದೇ ಇಲ್ಲವಾ?"

ನಾನು ತಲೆ ಕೆರೆದುಕೊಂಡೆ. ಅದೇನು ಆರ್ಮ್ ಕಾಫ್ ಎಂದು ಕೇಳಿದರು, ಪಾಪಮ್ಮ ಹೇಳಿದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಗಲು ಶುರು ಮಾಡಿದರು. ಪಕ್ಕದ ಕೋಣೆಯಿಂದ ಟೈಪಿಸ್ಟು ಎದ್ದು ಬಂದ.

"ತೋಲ್ ಅಂದರೆ ತೊಗಲಯ್ಯಾ, ಚರ್ಮ! ಸತ್ತ ಕರುವಿನ ಚರ್ಮದೊಳಗೆ ಒಣಹುಲ್ಲು ತುಂಬಿ ಹೊಲಿದ ಬೊಂಬೆ. ನೀನು ಒಂದು ವರ್ಷದಿಂದ ಹುಲ್ಲಿನ ಬೊಂಬೆಗಳನ್ನು ಸರ್ಕಾರಿ ಲೆಕ್ಕಕ್ಕೆ ಸೇರಿಸಿದ್ದೀಯೆ."

ಕರು ಸತ್ತರೆ ಹಸು ಹಾಲು ಇಳಿಸುವುದಿಲ್ಲ. ಅದರ ಕರುವಿನದೇ ಚರ್ಮಕ್ಕೆ ಹುಲ್ಲು ತುಂಬಿ, ಬೆನ್ನಿಗೆ ಉಪ್ಪುನೀರು ಸವರಿ ಮುಂದೆ ನಿಲ್ಲಿಸಿದರೆ, ಹಸು ನೆಕ್ಕುತ್ತಾ ನೆಕ್ಕುತ್ತಾ ತೊರೆ ಬಿಟ್ಟು ಹಾಲು ಇಳಿಸುತ್ತದೆ. ಮದರಾಸಿನ ಬೀದಿಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಇದು, ನನಗೊಬ್ಬನಿಗೆ ಬಿಟ್ಟು. ನಗು ಮುಗಿದ ಮೇಲೆ ಡಾಕ್ಟರು, "ಇನ್ನು ಮೇಲೆ ಕೈಯಿಂದ ಮುಟ್ಟದೆ ಒಂದು ಪ್ರಾಣಿಯನ್ನೂ ಬರೆಯಬೇಡ" ಎಂದರು. ಅಂದಿನಿಂದ ನಿವೃತ್ತಿಯ ದಿನದವರೆಗೆ ಮುಟ್ಟದೆ ಬರೆದಿಲ್ಲ.

ಅಂದೇ ಹೋಗಿ, ತೋಲನ್ನು ತೋಳು ಎಂದು ಬರೆದುಕೊಂಡದ್ದನ್ನು ಪಾಪಮ್ಮನಿಗೂ ಹೇಳಿ ನಗಿಸಿ, ಅವಳ ಬೊಂಬೆ ಮುಟ್ಟಿ ನೋಡಿದೆ. ಬೆನ್ನಿನ ರೋಮವೆಲ್ಲ ಸವೆದು ನುಣ್ಣಗಾಗಿತ್ತು. ಗೌರಿ ಅದನ್ನೇ ನೆಕ್ಕುತ್ತಿತ್ತು. "ಪಾಪ, ಮೂಕ ಪ್ರಾಣಿಗೆ ಮೋಸ ಅಲ್ವಾ ಪಾಪಮ್ಮಾ?" ಎಂದೆ.

"ಅದಕ್ಕೆ ಗೊತ್ತಿಲ್ಲ ಅಂದ್ಕೊಂಡ್ರಾ? ಗೊತ್ತು ಸಾರ್. ಗೊತ್ತಿದ್ದೂ ನೆಕ್ಕತದೆ" ಎಂದಳು ಪಾಪಮ್ಮ.

ಇನ್ನೊಂದು ಕೆಲಸ ನನ್ನ ಮನೆಯ ಹತ್ತಿರವೇ ಇತ್ತು. ಕ್ರೋಂಪೇಟೆಯ ಚರ್ಮ ಹದ ಮಾಡುವ ಕಾರ್ಖಾನೆಗಳಿಗೆ ಹಸಿ ತೊಗಲು ಲಾರಿಗಳಲ್ಲಿ ಬರುತ್ತಿತ್ತು. ಅದರಲ್ಲಿ ರೋಗದಿಂದ ಸತ್ತ ದನದ್ದೇನಾದರೂ ಇದೆಯೇ ಎಂದು ನೋಡಲು ಡಾಕ್ಟರರ ಜೊತೆ ಹೋಗಬೇಕು. ಅಲ್ಲಿ ತೊಗಲು ಹೊರುವ ಒಬ್ಬ ಮುದುಕ ತನ್ನ ಮುಂಗೈಯ ಮೇಲಿನ ಕಲೆ ತೋರಿಸಿದ. ಮೊದಲು ಸೊಳ್ಳೆ ಕಡಿದ ಹಾಗೆ, ಆಮೇಲೆ ನೀರುಗುಳ್ಳೆ, ಆಮೇಲೆ ನಡುವೆ ಇದ್ದಿಲಿನಂತೆ ಕಪ್ಪು. "ನೋವೇ ಇರಲಿಲ್ಲ ಸಾರ್. ನೋವಿಲ್ಲ ಅಂತಲೇ ಸುಮ್ಮನಿದ್ದೆ. ನನ್ನ ಜೊತೆಯವನೂ ಸುಮ್ಮನಿದ್ದ, ಅವನು ಹೋಗಿಬಿಟ್ಟ" ಎಂದ. ನಮ್ಮ ಕಡೆ ನೆರಡಿ ಎನ್ನುವ, ಇಂಗ್ಲಿಷಿನಲ್ಲಿ ಆಂಥ್ರಾಕ್ಸ್ ಎನ್ನುವ ರೋಗ ಅದು. ದನ ಇದ್ದಕ್ಕಿದ್ದಂತೆ ಬಿದ್ದು ಸಾಯುತ್ತದೆ. ಅದರ ರಕ್ತ, ಚರ್ಮ ಮುಟ್ಟಿದವರಿಗೂ ಹತ್ತುತ್ತದೆ. ಆದ್ದರಿಂದಲೇ ಕಾಯ್ದೆ ಇಲ್ಲಿ ತುಂಬ ಬಿಗಿ: ಅನುಮಾನ ಬಂದರೆ ಹೆಣ ಕೊಯ್ಯಬಾರದು, ಚರ್ಮ ಸುಲಿಯಬಾರದು, ಆಳದಲ್ಲಿ ಸುಣ್ಣ ಹಾಕಿ ಹೂಳಬೇಕು, ಹೂಳುವವರೆಗೆ ನಮ್ಮವರೊಬ್ಬರು ಅಲ್ಲಿಂದ ಕದಲಬಾರದು.

ಇನ್ನು ನಾನು ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಇದನ್ನು ಬರೆಯಲು ಮನಸ್ಸು ಬಾರದೆ.

ಗೌರಿ ಮತ್ತೆ ಕರು ಹಾಕಿತ್ತು. ಹೆಣ್ಣು ಕರು, ಹಣೆಯ ಮೇಲೆ ಬಿಳಿ ಚುಕ್ಕೆ. ಅದು ಹುಟ್ಟಿದ ದಿನವೇ ಪಾಪಮ್ಮ ಹಳೆಯ ಬೊಂಬೆಯನ್ನು ಸಮುದ್ರಕ್ಕೆ ಬಿಟ್ಟು ಬಂದಿದ್ದಳು. ಮೂರು ತಿಂಗಳಾಗಿ, ಬೇಸಿಗೆಯ ಒಂದು ಮಧ್ಯಾಹ್ನ ಆಫೀಸಿಗೆ ಸುದ್ದಿ ಬಂತು. ಕರು ಸತ್ತಿದೆ. ಬೆಳಿಗ್ಗೆ ಕುಣಿದಾಡುತ್ತಿತ್ತಂತೆ.

ಡಾಕ್ಟರು ಬೇರೆ ಕಡೆ ಹೋಗಿದ್ದರು. ನಾನೊಬ್ಬನೇ ಹೋದೆ. ಕರುವಿನ ಮೂಗಿನಲ್ಲಿ ಕಪ್ಪು ರಕ್ತ. ನೋಡಿದ ಕೂಡಲೇ ನೆರಡಿಯ ಅನುಮಾನ ಬಂತು. ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಗೆ ಹಚ್ಚಿಕೊಂಡೆ. ಲ್ಯಾಬು ಮುಚ್ಚುವುದರೊಳಗೆ ಅದನ್ನು ಕೊಡಬೇಕು. ಹೆಣ ಸಾಗಿಸುವ ಗಾಡಿಯವನು ಎರಡು ಗಂಟೆಯಲ್ಲಿ ಬರುತ್ತೇನೆಂದು ಹೇಳಿದ್ದ. ಗೌರಿ ಹಗ್ಗ ಜಗ್ಗಿ ಜಗ್ಗಿ ಕೂಗುತ್ತಿತ್ತು. ಆ ಕೂಗು ಕೇಳಿಕೊಂಡು ಎರಡು ಗಂಟೆ ನಿಲ್ಲಲು ನನ್ನಿಂದ ಆಗಲಿಲ್ಲ. ಲ್ಯಾಬಿನ ನೆಪ ಕೈಯಲ್ಲೇ ಇತ್ತು.

"ಯಾರೂ ಮುಟ್ಟಬೇಡಿ. ಗಾಡಿ ಬಂದರೆ ಕೊಟ್ಟುಬಿಡಿ" ಎಂದು ಹೊರಟೆ.

ಪಾಪಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಡ್ಡ ನಿಂತಳು. "ತೋಲ್ ಮಾತ್ರ ಬಿಟ್ಟುಬಿಡಿ ಸಾರ್. ಅದು ಇಲ್ದೆ ಗೌರಿ ಹಾಲಿಳಿಸಲ್ಲ. ಬತ್ತಿಹೋದ್ರೆ ನಾನೇನು ಮಾಡ್ಲಿ?"

ಮುಖದ ಮೇಲೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. "ನೋಡೋಣಮ್ಮಾ" ಎಂದೆ.

ನಮ್ಮ ಮನೆಯಲ್ಲಿ ಅಪ್ಪ ನೋಡೋಣ ಎಂದರೆ ಆಗುವುದಿಲ್ಲ ಎಂದು ಅರ್ಥ. ಸಿನಿಮಾಕ್ಕೆ ಹೋಗೋಣವೇ, ನೋಡೋಣ. ಹೊಸ ಅಂಗಿ ಬೇಕು, ನೋಡೋಣ. ನಾನೂ ಆ ಅರ್ಥದಲ್ಲೇ ಹೇಳಿದ್ದೆ. ಪಾಪಮ್ಮನಿಗೆ ಅದು ಬೇರೆಯಾಗಿ ಕೇಳಿಸಿತು. ಇನಿಸ್ಪೆಟ್ರು ಬೇಡ ಅನ್ನಲಿಲ್ಲ, ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂದುಕೊಂಡಳು. ಹಿಂದೆ ನಾನು ಅವಳ ಮಾತು ತಪ್ಪಾಗಿ ಕೇಳಿದಾಗ ಆಫೀಸೆಲ್ಲ ನಕ್ಕಿತು. ಈ ಸಲ ನನ್ನ ಮಾತನ್ನು ಅವಳು ತಪ್ಪಾಗಿ ಕೇಳಿದಳು.

ಮಾರನೆಯ ಬೆಳಿಗ್ಗೆ ಲ್ಯಾಬಿನಲ್ಲಿ ಡಾಕ್ಟರು ನನ್ನನ್ನೇ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ನೀಲಿ ಕಡ್ಡಿಗಳು ಸಾಲಾಗಿದ್ದವು, ಅವುಗಳ ಸುತ್ತ ಗುಲಾಬಿ ಬಣ್ಣದ ಪೊರೆ. ನೆರಡಿಯೇ. "ಹೂಳುವವರೆಗೆ ನೀನು ಇದ್ದೆಯಲ್ಲ?" ಎಂದರು. ನಾನು ಇರಲಿಲ್ಲ ಎಂದೆ. ಅವರು ಟೊಪ್ಪಿಗೆ ಹಾಕಿಕೊಂಡು ಎದ್ದರು.

ಕೊಟ್ಟಿಗೆಗೆ ಹೋದರೆ ಪಾಪಮ್ಮ ನೆಲ ನೋಡುತ್ತಾ, ಕರುವನ್ನು ಗಾಡಿಗೆ ಕೊಟ್ಟೆ ಎಂದಳು. ಗಾಡಿಯವನು, ಕೊಟ್ಟಾಗ ಚರ್ಮ ಇರಲಿಲ್ಲ ಎಂದ. ತೊಗಲು ಎಲ್ಲಿ ಎಂದರೆ ಅವಳು ಬಾಯಿ ಬಿಡಲಿಲ್ಲ. ಹುಲ್ಲಿನ ಬಣವೆ, ಅಟ್ಟ, ಹಿತ್ತಲು ಎಲ್ಲ ಹುಡುಕಿದೆವು. ಸಿಗಲಿಲ್ಲ. ಆಗ ನನ್ನ ಕಣ್ಣು ಗೌರಿಯ ಮೇಲೆ ಬಿತ್ತು. ಅದು ನಮ್ಮನ್ನು ನೋಡುತ್ತಿರಲಿಲ್ಲ. ಕೊಟ್ಟಿಗೆಗೆ ಅಂಟಿಕೊಂಡಿದ್ದ ಪಾಪಮ್ಮನ ಕೋಣೆಯ ಬಾಗಿಲಿಗೆ ಕಿವಿ ನೆಟ್ಟು ನಿಂತಿತ್ತು. ಒಳಗೆ ಹೋಗಿ ಮಂಚದ ಕೆಳಗೆ ಬಗ್ಗಿ ನೋಡಿದೆ. ಅವಳ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಕರು, ಅರ್ಧ ಹೊಲಿದದ್ದು, ಹಣೆಯ ಮೇಲೆ ಬಿಳಿ ಚುಕ್ಕೆ.

ರಬ್ಬರಿನ ಕೈಗವಸು ಹಾಕಿ ಅದನ್ನೂ ಆ ಸೀರೆಯನ್ನೂ ಎತ್ತಿ ತಂದೆ. ಗೌರಿ ಹಗ್ಗ ಹರಿಯುವ ಹಾಗೆ ಜಗ್ಗಿತು. ಪಾಪಮ್ಮ ನನ್ನ ಹಿಂದೆ ನಾಲ್ಕು ಹೆಜ್ಜೆ ಬಂದು, "ನೋಡೋಣ ಅಂದ್ರಲ್ಲಾ ಸಾರ್. ನೀವೇ ಅಂದ್ರಲ್ಲಾ" ಎಂದಳು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಸರ್ಕಾರಿ ಬಯಲಿನಲ್ಲಿ ಗುಂಡಿ ತೋಡಿಸಿ, ಸೌದೆ ಒಟ್ಟಿ, ಸೀಮೆಎಣ್ಣೆ ಸುರಿದು ನಾನೇ ಬೆಂಕಿಯಿಟ್ಟೆ. ಪೂರ್ತಿ ಬೂದಿಯಾಗಿ ಸುಣ್ಣ ಮುಚ್ಚುವವರೆಗೆ ಅಲ್ಲೇ ನಿಂತಿದ್ದೆ.

ಡಾಕ್ಟರೂ ನಿಂತಿದ್ದರು. ಹೊರಡುವಾಗ ಹೇಳಿದರು: "ನಿನಗೆ ಕರುಣೆ ಬಂದದ್ದು ತಪ್ಪಲ್ಲ. ಹೊರಟುಹೋದದ್ದು ತಪ್ಪು. ನಿಂತುಕೊಂಡೇ ಕರುಣೆ ಪಡಬಹುದಿತ್ತು. ರಿಪೋರ್ಟಿನಲ್ಲಿ ಅದನ್ನೂ ಬರೆ." ಬರೆದೆ. ಅದಕ್ಕೆ ಒಂದು ಮೆಮೊ ಬಂತು. ಅದು ನ್ಯಾಯವಾಗಿಯೇ ಇತ್ತು.

ಗೌರಿಗೆ ಜ್ವರವಿರಲಿಲ್ಲ. ಆದರೂ ಡಾಕ್ಟರು ಹೇಳುವವರೆಗೆ ಹಾಲು ಮಾರುವಂತಿಲ್ಲ, ಕರೆದು ಸುಣ್ಣದ ಗುಂಡಿಗೆ ಸುರಿಯಬೇಕು. ನಾಲ್ಕು ಮನೆಗಳಿಗೂ ನಾನೇ ಹೋಗಿ ಹೇಳಿಬಂದೆ. ಸುಲಿದ ಹೆಣ ಎತ್ತಿದ ಗಾಡಿಯವನ ಕೈಯನ್ನೂ ದಿನಾ ನೋಡಿಬರುತ್ತಿದ್ದೆ. ಕರುವಿಗೆ ರೋಗ ಬಂದದ್ದು ಎಲ್ಲೋ ಚರಂಡಿ ಪಕ್ಕ ಕೊಯ್ದ ಹುಲ್ಲಿನಿಂದ ಎಂದು ಡಾಕ್ಟರ ಊಹೆ. ಅದು ಕೊನೆಗೂ ಖಚಿತವಾಗಲಿಲ್ಲ.

ಬೀದಿಯ ದನಗಳ ಜ್ವರ ನೋಡಲು ದಿನವೂ ಹೋಗುತ್ತಿದ್ದೆ. ಹೋದಾಗಲೆಲ್ಲ "ಪಾಪಮ್ಮಾ, ಕೈ ತೋರಿಸಿ" ಎನ್ನುತ್ತಿದ್ದೆ. ಚರ್ಮ ಸುಲಿದ ಕೈ ಅವು. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಮೂರು ದಿನ ಎರಡೂ ಕೈ ಚಾಚಿ, ಮುಖ ಆ ಕಡೆ ತಿರುಗಿಸಿಕೊಂಡು ತೋರಿಸಿದಳು. ಏನೂ ಇರಲಿಲ್ಲ. ನಾಲ್ಕನೆಯ ದಿನ ಎಡಗೈ ಮಾತ್ರ ಚಾಚಿದಳು. ಬಲಗೈ ಸೆರಗಿನೊಳಗಿತ್ತು.

"ಅದನ್ನೂ ತೋರಿಸಿ."

"ಅದರಲ್ಲಿ ಏನೂ ಇಲ್ಲ. ಸೊಳ್ಳೆ ಕಡಿದದೆ."

"ನೋವಿದೆಯಾ?"

"ಇಲ್ಲ."

ನೋವಿಲ್ಲ ಎಂದ ಕೂಡಲೇ ನನಗೆ ಆ ಮುದುಕನ ಮಾತು ನೆನಪಾಯಿತು. "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ತೋರಿಸು" ಎಂದೆ. ಅದುವರೆಗೆ ನಾನು ಅವಳನ್ನು ಅಕ್ಕಾ ಎಂದು ಕರೆದಿರಲಿಲ್ಲ. ಸೆರಗು ಸರಿಸಿದಳು. ಮಣಿಕಟ್ಟಿನ ಮೇಲೆ ನೀರುಗುಳ್ಳೆಗಳ ನಡುವೆ ಹುರುಳಿಕಾಳಿನಷ್ಟು ಕಪ್ಪು, ಮೊಣಕೈವರೆಗೂ ಬಾವು.

ಸೈಕಲ್ ರಿಕ್ಷಾದಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಎಳೆಯ ಡಾಕ್ಟರು ಗುಳ್ಳೆ ಎಂದು ಮುಲಾಮು ಬರೆದುಕೊಟ್ಟರು. ನಾನು ಲ್ಯಾಬಿನ ಕಾಗದ ಮುಂದಿಟ್ಟು, "ಇದು ಗುಳ್ಳೆ ಅಲ್ಲ ಸಾರ್" ಎಂದೆ.

"ನೀವು ಡಾಕ್ಟರಾ?"

"ಅಲ್ಲ ಸಾರ್. ದನದ ಇನ್ಸ್‌ಪೆಕ್ಟರು."

ಸುತ್ತಲಿದ್ದವರು ನಕ್ಕರು. ನಾನು ಬಾಗಿಲಿಂದ ಕದಲಲಿಲ್ಲ. ಕದಲಿದರೆ ಏನಾಗುತ್ತದೆಂದು ಒಮ್ಮೆ ಕಲಿತಾಗಿತ್ತು. ಗದ್ದಲ ಕೇಳಿ ಒಬ್ಬ ಹಿರಿಯ ಡಾಕ್ಟರು ಬಂದು ಕಾಗದ ಓದಿದರು, ಕೈ ನೋಡಿದರು, ಕೂಡಲೇ ವಾರ್ಡಿಗೆ ಸೇರಿಸಿ ಪೆನಿಸಿಲಿನ್ ಶುರು ಮಾಡಿಸಿದರು. ಇನ್ನೆರಡು ದಿನ ಬಿಟ್ಟಿದ್ದರೆ ಎಂದು ಏನೋ ಹೇಳಲು ಹೊರಟು ನನ್ನ ಮುಖ ನೋಡಿ ನಿಲ್ಲಿಸಿದರು.

ಸಂಜೆ ವಾರ್ಡಿನಲ್ಲಿ ಪಾಪಮ್ಮ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಗೌರಿ ಹಾಲು ಬಿಟ್ಟಳಾ?"

ಬಿಟ್ಟಿರಲಿಲ್ಲ. ಕರುವಿನ ಚರ್ಮ ಸುಟ್ಟ ದಿನದಿಂದ ಸೇರು ಹಾಲನ್ನೂ ಇಳಿಸಿರಲಿಲ್ಲ. "ಇನ್ನೂ ಎರಡು ದಿನ ಹಿಂಗೇ ಆದ್ರೆ ಬತ್ತಿಹೋಗ್ತದೆ ಸಾರ್. ನನ್ನ ಕೈ ಹೋದ್ರೆ ಹೋಗಲಿ, ಅದನ್ನ ನೋಡಿ" ಎಂದು ಅಳಲು ಶುರು ಮಾಡಿದಳು. ಆಕೆಯ ಕೈ ಉಳಿಯುತ್ತದೆಂದು ಡಾಕ್ಟರು ಹೇಳಿದ್ದರು. ಆದರೆ ಹಸು ಬತ್ತಿದರೆ ಆ ಕೈಗೆ ಏನು ಕೆಲಸ?

ಮಾರನೆಯ ಬೆಳಿಗ್ಗೆ ಕ್ರೋಂಪೇಟೆಯಿಂದ ಮೊದಲ ಎಲೆಕ್ಟ್ರಿಕ್ ಟ್ರೇನು ಹಿಡಿದು ತ್ರಿಪ್ಲಿಕೇನಿಗೆ ಹೋದೆ. ಪಕ್ಕದ ಕೊಟ್ಟಿಗೆಯ ಏಳುಮಲೈ ಕರೆಯಲು ಕೂತ. ನಾನು ಗೌರಿಯ ತಲೆ ಹಿಡಿದು ನಿಂತೆ. ಅದು ಅವನಿಗೆ ಒಂದು, ಪಾತ್ರೆಗೆ ಒಂದು ಒದೆ ಕೊಟ್ಟಿತು. ಗೋಣಿಚೀಲಕ್ಕೆ ಹುಲ್ಲು ತುಂಬಿ ಇಟ್ಟೆವು. ಮೂಸಿ ಮುಖ ತಿರುಗಿಸಿತು. ಬಿಸಿಲೇರಿ ಇಬ್ಬರೂ ಬೆವತು ತೊಯ್ದುಹೋದೆವು. ಅಂಗಿಯ ತೋಳು ಮಡಚಿಕೊಂಡು, ಅದರ ಕೊರಳು ತಬ್ಬಿ ಹಿಡಿದು, ಏನು ಮಾಡಲೂ ತೋಚದೆ ಅದರ ಕಿವಿಯಲ್ಲಿ, "ತಪ್ಪಾಯ್ತು ತಾಯಿ, ನಂದೇ ತಪ್ಪು" ಎಂದೆ. ನಾಚಿಕೆಯಿಲ್ಲದೆ ಬರೆಯುತ್ತೇನೆ, ಅಳುತ್ತಲೇ ಎಂದೆ.

ಗೌರಿ ನನ್ನ ತೋಳನ್ನು ಮೂಸಿತು. ಬೆವರಿನ ಉಪ್ಪು ಸಿಕ್ಕಿತೋ ಏನೋ, ಒಮ್ಮೆ ನೆಕ್ಕಿತು. ಇನ್ನೊಮ್ಮೆ ನೆಕ್ಕಿತು. ಆಮೇಲೆ ಮೊಣಕೈಯಿಂದ ಹೆಗಲವರೆಗೆ ಕರುವಿನ ಬೆನ್ನು ನೆಕ್ಕುವ ಹಾಗೆಯೇ ಉದ್ದಕ್ಕೆ ನೆಕ್ಕತೊಡಗಿತು. ಹಸುವಿನ ನಾಲಿಗೆ ಮರಳುಕಾಗದದಂತೆ ಇರುತ್ತದೆ. ಚರ್ಮ ಕಿತ್ತುಬರುವಂತಾಯಿತು.

"ಬಂತು ಸಾರ್, ಬಂತು! ಅಸೆಯಾದೀಂಗ, ಅಲ್ಲಾಡಬೇಡಿ!" ಎಂದು ಏಳುಮಲೈ ಕೂಗಿದ. ಪಾತ್ರೆಯಲ್ಲಿ ಹಾಲಿನ ಸದ್ದು ಕೇಳಿಸಿತು. ಆ ಹಾಲನ್ನೆಲ್ಲ ಕಾಯ್ದೆಯಂತೆ ಸುಣ್ಣದ ಗುಂಡಿಗೇ ಸುರಿದೆವು. ಆದರೆ ಗೌರಿ ಬತ್ತಿರಲಿಲ್ಲ.

ಪಾಪಮ್ಮ ಆಸ್ಪತ್ರೆಯಲ್ಲಿದ್ದಷ್ಟು ದಿನವೂ, ಬಂದು ಕೈ ಗಟ್ಟಿಯಾಗುವವರೆಗೂ, ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡು ಹೊತ್ತಿಗೆ ಮುಂಚೆ ಹೋಗಿ, ತೋಳಿಗೆ ಉಪ್ಪುನೀರು ಸವರಿಕೊಂಡು ಗೌರಿಯ ಮುಂದೆ ನಿಲ್ಲುತ್ತಿದ್ದೆ. ಮೊದಲ ದಿನ ಮನೆಗೆ ಬಂದಾಗ ಅವ್ವ ನನ್ನ ಕೆಂಪಾದ ತೋಳು ನೋಡಿ ಸಂಗತಿ ಕೇಳಿದಳು. ಕೇಳಿ, "ಆಕಳು ತನ್ನ ಕರು ಅಂತ ನೆಕ್ಕಿದ ಮೈ. ಇವತ್ತು ಹಿತ್ತಲಿಗೆ ಹೋಗಬ್ಯಾಡ, ಒಳಗ ಬಾ" ಎಂದಳು. ನನ್ನ ಇಡೀ ಸರ್ವಿಸಿನಲ್ಲಿ ಹಿತ್ತಲಲ್ಲಿ ಉಜ್ಜಿ ತೊಳೆದುಕೊಳ್ಳಲೇಬೇಕಾಗಿದ್ದ ದಿನಗಳಿದ್ದರೆ ಅವೇ! ನಾನು ಹಿತ್ತಲಿಗೇ ಹೋದೆ. ಬಂದ ಮೇಲೆ ಅವ್ವ ತೋಳಿಗೆ ಕೊಬ್ಬರಿ ಎಣ್ಣೆ ಸವರಿದಳು. ದನದ ಕೆಲಸಕ್ಕೆ ಸೇರಿದ್ದಕ್ಕೆ ಅವಳು ಮತ್ತೆಂದೂ ಬೇಸರ ಮಾಡಿಕೊಳ್ಳಲಿಲ್ಲ.

ನಿವೇದಿತಾ, ನಿನಗೆ ಈಗ ಫ್ರಿಜ್ಜಿದೆ, ಫೋನಿದೆ, ಲ್ಯಾಬಿನ ಉತ್ತರ ನಿಮಿಷದಲ್ಲಿ ಬರುತ್ತದೆ. ಒಳ್ಳೆಯದು. ಇಲ್ಲ ಎನ್ನಬೇಕಾದಲ್ಲಿ ಮಾತ್ರ ಇಲ್ಲ ಎಂದೇ ಹೇಳು ಮಗಳೇ. ಹೇಳಿದ ಮೇಲೆ ಅಲ್ಲೇ ನಿಂತಿರು. ಮಾರನೆಯ ದಿನ ಹೋಗಿ ಅವರ ಕೈ ನೋಡು, ಎರಡೂ ಕೈ.

ಪಾಪಮ್ಮ ಆಸ್ಪತ್ರೆಯಿಂದ ಬಂದ ದಿನ ನಾನು ಗೌರಿಯ ಮುಂದೆ ನಿಂತಿದ್ದೆ. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಬಾಗಿಲಲ್ಲಿ ನಿಂತು ನೋಡಿದಳು. ಉಪ್ಪುನೀರಿನ ಬಟ್ಟಲು, ನೆಕ್ಕಿಸಿಕೊಂಡು ಹಲ್ಲು ಕಚ್ಚಿ ನಿಂತ ನಾನು, ಕೆಳಗೆ ಕರೆಯುತ್ತಿದ್ದ ಏಳುಮಲೈ. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಬಂತು.

"ಮುಂಚೆ ನೀವು ಬರ್ಕೊಂಡಿದ್ದು ಸರಿಯಾಗೇ ಇತ್ತು ಬಿಡಿ ಸಾರ್. ಈಗ ನಿಜವಾಗ್ಲೂ ತೋಳ್ ಕರು ಆಯ್ತು."

ತಿಂಗಳ ಕೊನೆಗೆ ರಿಜಿಸ್ಟರು ಡಾಕ್ಟರ ಮೇಜಿಗೆ ಹೋಯಿತು. ಪಾಪಮ್ಮನ ಸಾಲಿಗೆ ಬಂದು ಅವರ ಪೆನ್ನು ನಿಂತಿತು. ಅಲ್ಲಿ ನಾನು ಬರೆದಿದ್ದೆ: "ಹಸು, ಒಂದು. ಆರ್ಮ್ ಕಾಫ್, ಒಂದು."

ಅವರು ತಲೆಯೆತ್ತಿದರು. ನಾನು ಅಂಗಿಯ ತೋಳು ಮೇಲಕ್ಕೆ ಮಡಚಿ ತೋರಿಸಿದೆ. ಕೆಂಪಗೆ ಬರೆ ಬಿದ್ದಂತಿದ್ದ ಚರ್ಮವನ್ನು ಅವರು ಬೆರಳಿನಿಂದ ಮುಟ್ಟಿ ನೋಡಿದರು. ಮುಟ್ಟದೆ ಒಂದು ಪ್ರಾಣಿಯನ್ನೂ ಒಪ್ಪಿಕೊಳ್ಳುವವರಲ್ಲ ಅವರು.

"ಲಸಿಕೆ?" ಎಂದರು.

"ತುಂಬ ಎಳೆಯದು ಸಾರ್" ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡು, ಹಸಿರು ಇಂಕಿನಲ್ಲಿ ಸಹಿ ಹಾಕಿದರು.